ಗರಿಕೆಯ ಹಾಸಿನಲ್ಲಿ ಚಳಿಗಾಲದ ಹುಲ್ಲು ಕಳೆ: ನಾಲ್ಕು ವಿಧಾನಗಳ ಹೋಲಿಕೆ

ಗರಿಕೆ, ಜೋಯ್ಸಿಯಾ ಮುಂತಾದ ಬೆಚ್ಚನೆಯ ಋತುವಿನ ಹುಲ್ಲುಗಳು ಬಿಸಿಲಿನಲ್ಲಿ ಹಬ್ಬುವಂಥವು. ಮಣ್ಣು ತಣ್ಣಗಾದಂತೆ ಅವುಗಳ ಬೆಳವಣಿಗೆ ನಿಧಾನವಾಗುತ್ತದೆ, ಚಳಿ ಹೆಚ್ಚಿದರೆ ಎಲೆಗಳು ಕಂದಿ ಹಾಸು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸರಿಯಾಗಿ ಆ ಹೊತ್ತಿಗೇ ಅಲ್ಲಲ್ಲಿ ತಿಳಿಹಸಿರಿನ ಗುಚ್ಛಗಳು ಎದ್ದು ಕಾಣತೊಡಗುತ್ತವೆ. ನನ್ನ ಹಾಸಿನಲ್ಲಿ ಹೀಗೆ ಎದ್ದವುಗಳಲ್ಲಿ ಬಹುಪಾಲು ಪೋವಾ ಆನ್ಯುವಾ ಎಂಬ ವಾರ್ಷಿಕ ಹುಲ್ಲು. ಅದರ ಎಲೆಯ ತುದಿ ದೋಣಿಯ ಮೂತಿಯಂತೆ ಮಡಚಿಕೊಂಡಿರುತ್ತದೆ, ಎಲೆಯ ನಡುವೆ ಎರಡು ತೆಳುಗೆರೆಗಳು ಜೊತೆಯಾಗಿ ಸಾಗುತ್ತವೆ. ಎಷ್ಟು ಗಿಡ್ಡವಾಗಿ ಕತ್ತರಿಸಿದರೂ ಅದು ಕತ್ತರಿಯ ಕೆಳಗೇ ತೆನೆ ಬಿಡುತ್ತದೆ ಎಂಬುದನ್ನು ಕಂಡಮೇಲೆ, ಹುಟ್ಟಿದ ಕಳೆಯೊಡನೆ ಹೋರಾಡುವುದಕ್ಕಿಂತ ಹುಟ್ಟದಂತೆ ತಡೆಯುವುದೇ ಸರಿಯಾದ ದಾರಿ ಎಂದು ನಿರ್ಧರಿಸಿದೆ.

ಒಂದೇ ಹಾಸನ್ನು ದಾರ ಕಟ್ಟಿ ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ, ಮೂರು ಚಳಿಗಾಲಗಳ ಕಾಲ ಒಂದೊಂದು ಪಟ್ಟಿಯಲ್ಲಿ ಒಂದೊಂದು ವಿಧಾನವನ್ನು ಅನುಸರಿಸಿದೆ: ಮೊದಲನೆಯದರಲ್ಲಿ ಮೆಕ್ಕೆಜೋಳದ ಗ್ಲುಟನ್ ಪುಡಿ, ಎರಡನೆಯದರಲ್ಲಿ ಪೆಂಡಿಮೆಥಾಲಿನ್ ಎಂಬ ಕಳೆನಾಶಕ, ಮೂರನೆಯದರಲ್ಲಿ ಪ್ರೊಡಯಾಮಿನ್ ಎಂಬ ಇನ್ನೊಂದು ಕಳೆನಾಶಕ, ನಾಲ್ಕನೆಯದರಲ್ಲಿ ಯಾವ ಔಷಧವೂ ಇಲ್ಲದೆ ಕೇವಲ ಆರೈಕೆ ಮತ್ತು ಕೈಯಿಂದ ಕೀಳುವುದು.

ವಿಧಾನಗಳ ವಿಚಾರಕ್ಕೆ ಬರುವ ಮುನ್ನ ಕಾಲದ ವಿಚಾರವನ್ನು ಹೇಳಲೇಬೇಕು, ಏಕೆಂದರೆ ಮೊದಲ ವರ್ಷ ನಾನು ಸೋತದ್ದು ಅಲ್ಲಿ. ಈ ಕಳೆಯ ಬೀಜ ಬೇಸಿಗೆಯೆಲ್ಲ ಮಣ್ಣಿನಲ್ಲಿ ಸುಮ್ಮನಿದ್ದು, ಶರತ್ಕಾಲದಲ್ಲಿ ಮಣ್ಣಿನ ಉಷ್ಣತೆ ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಕೆಲವು ದಿನ ಹಾಗೆಯೇ ಉಳಿದಾಗ ಮೊಳೆಯತೊಡಗುತ್ತದೆ. ಮೊಳೆಯುವ ಮೊದಲು ಬಳಸುವ ಕಳೆನಾಶಕಗಳು ಮಲಗಿರುವ ಬೀಜವನ್ನು ಕೊಲ್ಲುವುದಿಲ್ಲ. ಮೇಲ್ಮಣ್ಣಿನಲ್ಲಿ ತೆಳುವಾದ ಒಂದು ಪದರವಾಗಿ ನಿಂತು, ಮೊಳಕೆಯ ಬೇರು ಆ ಪದರವನ್ನು ತಾಗಿದಾಗ ಅದರ ಬೆಳವಣಿಗೆಯನ್ನು ತಡೆಯುತ್ತವೆ. ಹೀಗಾಗಿ ಪದರ ಮೊದಲೇ ಸಿದ್ಧವಾಗಿರಬೇಕು, ಎರಡೆಲೆ ಬಂದ ಮೇಲೆ ಸಿಂಪಡಿಸಿದರೆ ಔಷಧವೂ ವ್ಯರ್ಥ, ಶ್ರಮವೂ ವ್ಯರ್ಥ. ಮೊದಲ ವರ್ಷ ನಾನು ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿದ್ದೆ. ಆ ವರ್ಷ ಚಳಿ ಬೇಗ ಬಂತು, ನಾನು ಸಿಂಪಡಿಸುವ ಹೊತ್ತಿಗೆ ನೆರಳಿನ ಅಂಚಿನಲ್ಲಿ ಕೂದಲೆಳೆಯಂಥ ಮೊಳಕೆಗಳು ಆಗಲೇ ಕಾಣಿಸುತ್ತಿದ್ದವು. ಎರಡನೆಯ ವರ್ಷದಿಂದ ಮಣ್ಣಿನ ಥರ್ಮಾಮೀಟರನ್ನು 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಪ್ರತಿದಿನ ಬೆಳಿಗ್ಗೆ ಅಂಕಿ ಬರೆದಿಟ್ಟುಕೊಂಡು, ಅದು 23–24 ಡಿಗ್ರಿಯ ಹತ್ತಿರ ಬಂದಾಗಲೇ ಕೆಲಸ ಮುಗಿಸುತ್ತಿದ್ದೇನೆ. ಎರಡು ಔಷಧಗಳ ನಡುವಿನ ವ್ಯತ್ಯಾಸಕ್ಕಿಂತ ಈ ಒಂದು ಅಭ್ಯಾಸ ತಂದ ವ್ಯತ್ಯಾಸವೇ ದೊಡ್ಡದಾಗಿತ್ತು.

ಮೆಕ್ಕೆಜೋಳದ ಗ್ಲುಟನ್ ಪುಡಿಯ ಮೇಲೆ ನನಗೆ ಬಹಳ ಭರವಸೆಯಿತ್ತು. ಅದು ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವಾಗ ಉಳಿಯುವ ಉಪ ಉತ್ಪನ್ನ, ಪಶು ಆಹಾರವಾಗಿಯೂ ಬಳಕೆಯಲ್ಲಿದೆ. ಮೊಳಕೆಯ ಬೇರನ್ನು ತಡೆಯುವ ಅದರ ಗುಣವನ್ನು ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕ ನಿಕ್ ಕ್ರಿಶ್ಚಿಯನ್ಸ್ ಗುರುತಿಸಿದರು, 1991ರಲ್ಲಿ ಅದಕ್ಕೆ ಪೇಟೆಂಟ್ ಕೂಡ ದೊರೆಯಿತು. ಮಕ್ಕಳು ಆಡುವ ಹುಲ್ಲುಹಾಸಿಗೆ ಇಂಥದ್ದೇ ಬೇಕು ಎಂದು ನಾನೂ ಬಯಸಿದ್ದೆ. ಆದರೆ ಬೆಚ್ಚನೆಯ ಋತುವಿನ ಹುಲ್ಲಿನಲ್ಲಿ, ಚಳಿಗಾಲದ ಕಳೆಯ ಎದುರು, ಈ ಪುಡಿ ನನ್ನಲ್ಲಿ ಫಲಿಸಲಿಲ್ಲ, ಮತ್ತು ಅದಕ್ಕೆ ಕಾರಣ ಪುಡಿಯ ಸ್ವಭಾವದಲ್ಲೇ ಇದೆ ಎಂದು ನಾನು ತಿಳಿಯುತ್ತೇನೆ. ಅದರಲ್ಲಿ ತೂಕದ ಸುಮಾರು 10 ಪ್ರತಿಶತ ಸಾರಜನಕವಿದೆ. ಕಳೆ ತಡೆಯಲು 10 ಚದರ ಮೀಟರಿಗೆ ಸುಮಾರು 1 ಕಿಲೋ ಹಾಕಬೇಕಾಗುವುದರಿಂದ, ಅಷ್ಟು ಜಾಗಕ್ಕೆ 100 ಗ್ರಾಂ ಸಾರಜನಕವೂ ಜೊತೆಗೆ ಬೀಳುತ್ತದೆ. ಗರಿಕೆ ಮಲಗಲು ಸಿದ್ಧವಾಗುತ್ತಿರುವ ಕಾಲದಲ್ಲಿ ಆ ಗೊಬ್ಬರವನ್ನು ಉಣ್ಣುವವರು ಯಾರು? ತಡೆಯನ್ನು ದಾಟಿ ಹೇಗೋ ಬೇರೂರಿದ ಕಳೆಗಳೇ. ಮೊದಲನೆಯ ಪಟ್ಟಿಯಲ್ಲಿ ಕಳೆಗಳ ಸಂಖ್ಯೆ ಆರಂಭದಲ್ಲಿ ಸ್ವಲ್ಪ ಕಡಿಮೆಯಿತ್ತು ನಿಜ, ಆದರೆ ಉಳಿದವು ನಾಲ್ಕು ಪಟ್ಟಿಗಳಲ್ಲೇ ಅತ್ಯಂತ ದಟ್ಟ ಹಸಿರಾಗಿ, ಅಗಲವಾಗಿ ಬೆಳೆದವು. ಇದಲ್ಲದೆ, ಪುಡಿ ಹಾಕಿ ನೀರು ಕೊಟ್ಟ ಬಳಿಕ ಮೊಳಕೆಗಳು ಒಣಗಲು ಕೆಲವು ದಿನ ಒಣಹವೆ ಬೇಕು. ಶರತ್ಕಾಲದ ಬಿಟ್ಟುಬಿಟ್ಟು ಬರುವ ಮಳೆಯಲ್ಲಿ ಅದು ದೊರೆಯುವುದು ಕಷ್ಟ. ಎರಡು ವರ್ಷ ಹಾಕಿ ನಿಲ್ಲಿಸಿದೆ.

ಪೆಂಡಿಮೆಥಾಲಿನ್ ಮತ್ತು ಪ್ರೊಡಯಾಮಿನ್ ಒಂದೇ ಕುಟುಂಬಕ್ಕೆ, ಅಂದರೆ ಡೈನೈಟ್ರೋಅನಿಲಿನ್ ಗುಂಪಿಗೆ ಸೇರಿದವು. ಎರಡೂ ಬೇರಿನ ತುದಿಯಲ್ಲಿ ಜೀವಕೋಶಗಳ ವಿಭಜನೆಯನ್ನು ತಡೆಯುತ್ತವೆ. ಆದರೂ ಹಾಸಿನ ಮೇಲೆ ಅವುಗಳ ನಡತೆ ಬೇರೆಯೇ. ಪೆಂಡಿಮೆಥಾಲಿನ್ ಬಿಸಿಲಿಗೆ ಒಡೆಯುತ್ತದೆ, ಸ್ವಲ್ಪಮಟ್ಟಿಗೆ ಆವಿಯಾಗಿಯೂ ಹೋಗುತ್ತದೆ. ಸಿಂಪಡಿಸಿದ ದಿನವೇ ನೀರು ಹಾಯಿಸಿ ಮಣ್ಣಿಗೆ ಇಳಿಸದಿದ್ದರೆ ಅದರ ಬಲ ಕುಂದುತ್ತದೆ. ಅದರ ಹಳದಿ ಬಣ್ಣ ಜಗಲಿಯ ಕಲ್ಲಿಗೂ ಬಟ್ಟೆಗೂ ಹತ್ತಿದರೆ ಬೇಗ ಬಿಡುವುದಿಲ್ಲ. ಎರಡನೆಯ ಪಟ್ಟಿ ಚಳಿಗಾಲದ ಮೊದಲರ್ಧದಲ್ಲಿ ಪ್ರೊಡಯಾಮಿನ್ ಪಟ್ಟಿಯಷ್ಟೇ ಚೊಕ್ಕಟವಾಗಿತ್ತು. ವ್ಯತ್ಯಾಸ ಕಂಡದ್ದು ಆಮೇಲೆ. ಈ ಕಳೆ ಒಂದೇ ಸಲಕ್ಕೆ ಮೊಳೆತು ಮುಗಿಯುವುದಿಲ್ಲ, ಶರತ್ಕಾಲದಲ್ಲಿ ಮುಖ್ಯ ಅಲೆ ಬಂದ ಮೇಲೂ ಚಳಿಗಾಲದ ಉದ್ದಕ್ಕೂ, ವಸಂತದ ಆರಂಭದವರೆಗೂ ಸಣ್ಣ ಅಲೆಗಳು ಬರುತ್ತಲೇ ಇರುತ್ತವೆ. ಆ ಹೊತ್ತಿಗೆ ಪೆಂಡಿಮೆಥಾಲಿನ್ ಪದರ ತೆಳುವಾಗಿತ್ತು. ಮೂರನೆಯ ವರ್ಷ ಪ್ರಮಾಣವನ್ನು ಎರಡು ಕಂತು ಮಾಡಿ, ಸುಮಾರು 8 ವಾರಗಳ ಅಂತರದಲ್ಲಿ ಹಾಕಿದಾಗ ಫಲಿತಾಂಶ ಬಹಳ ಸುಧಾರಿಸಿತು.

ಪ್ರೊಡಯಾಮಿನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ ಮತ್ತು ತಿಂಗಳುಗಟ್ಟಲೆ ಉಳಿಯುತ್ತದೆ. ನಾಲ್ಕು ಪಟ್ಟಿಗಳಲ್ಲಿ ಒಂದೇ ಸಿಂಪಡಣೆಯಿಂದ ವಸಂತದವರೆಗೂ ನಿಂತದ್ದು ಇದೊಂದೇ. ಆದರೆ ಇದು ಕ್ಷಮಿಸುವ ಔಷಧವಲ್ಲ. ಎರಡನೆಯ ವರ್ಷ ಸಿಂಪಡಿಸುವಾಗ ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಅಂಗೈ ಅಗಲದ ಜಾಗ ಬಿಟ್ಟುಹೋಗಿತ್ತು. ಚಳಿಗಾಲದ ನಡುವೆ ಆ ಜಾಗದಲ್ಲಿ ಮಾತ್ರ ಕಳೆ ಹಸಿರು ದಾರ ಎಳೆದಂತೆ ನೇರವಾಗಿ ಎದ್ದು ನಿಂತಿತು. ಅಂದಿನಿಂದ ಮೊದಲು ಬರೀ ನೀರು ತುಂಬಿ ಎಷ್ಟು ನೀರಿಗೆ ಎಷ್ಟು ಜಾಗ ಆವರಿಸುತ್ತದೆಂದು ಅಳೆದು, ಅರ್ಧ ಪ್ರಮಾಣವನ್ನು ಉದ್ದಕ್ಕೂ ಇನ್ನರ್ಧವನ್ನು ಅಡ್ಡಕ್ಕೂ ಸಿಂಪಡಿಸಿ, ಬಳಿಕ ಸುಮಾರು 1 ಸೆಂಟಿಮೀಟರ್ ನೀರು ಕೊಡುತ್ತೇನೆ. ಇನ್ನೊಂದು ಎಚ್ಚರಿಕೆಯ ಮಾತಿದೆ: ಈ ಪದರ ಕಳೆಯ ಬೇರು, ಗರಿಕೆಯ ಹೊಸ ಬೇರು ಎಂದು ಭೇದ ಮಾಡುವುದಿಲ್ಲ. ಆಳಕ್ಕೆ ಬೇರಿಳಿಸಿದ ಹಾಸಿಗೆ ತೊಂದರೆಯಾಗದು, ಆದರೆ ಖಾಲಿ ಜಾಗಕ್ಕೆ ಹಬ್ಬಿ ಬರುವ ಬಳ್ಳಿಯ ಗೆಣ್ಣುಗಳು ಅಲ್ಲಿ ನೆಲ ಕಚ್ಚಲು ಕಷ್ಟಪಡುತ್ತವೆ. ಹೊಸದಾಗಿ ನೆಟ್ಟ ಅಥವಾ ತೇಪೆ ಹಾಕಬೇಕಾದ ಹಾಸಿಗೆ ಇದನ್ನು ನಾನು ಬಳಸುವುದಿಲ್ಲ. ಎರಡೂ ಔಷಧಗಳು ಮೀನಿಗೆ ವಿಷವಾದುದರಿಂದ ಕೊಳ ಅಥವಾ ಚರಂಡಿಯ ಪಕ್ಕ ಸಿಂಪಡಿಸಬಾರದು. ಹುಲ್ಲುಹಾಸಿಗೆ ಬಳಸಲು ಅನುಮತಿ ಇದೆಯೇ, ಪ್ರಮಾಣವೆಷ್ಟು ಎಂಬುದನ್ನು ಲೇಬಲ್ಲಿನಲ್ಲಿ ನೋಡಿಯೇ ಮುಂದುವರಿಯಬೇಕು.

ನಾಲ್ಕನೆಯ ಪಟ್ಟಿಯ ಬಗ್ಗೆ ನನಗೆ ಮೊದಲು ಹೆಚ್ಚಿನ ನಿರೀಕ್ಷೆಯಿರಲಿಲ್ಲ. ಅಲ್ಲಿ ಮಾಡಿದ್ದು ಇಷ್ಟೇ: ಶರತ್ಕಾಲದಲ್ಲಿ ಕತ್ತರಿಸುವ ಎತ್ತರವನ್ನು ಸ್ವಲ್ಪ ಏರಿಸಿದೆ, ತಡವಾಗಿ ಸಾರಜನಕ ಹಾಕುವುದನ್ನು ನಿಲ್ಲಿಸಿದೆ, ದಿನಾ ಚಿಮುಕಿಸುತ್ತಿದ್ದ ನೀರನ್ನು ಬಿಟ್ಟು ಅಗತ್ಯ ಬಿದ್ದಾಗ ಮಾತ್ರ ಆಳಕ್ಕೆ ಕೊಟ್ಟೆ, ಗಟ್ಟಿಯಾದ ನೆಲವನ್ನು ಬೇಸಿಗೆಯಲ್ಲೇ ಚುಚ್ಚಿ ಸಡಿಲಗೊಳಿಸಿದೆ. ಪೋವಾಗೆ ಬೇಕಾದದ್ದು ತೇವ, ನೆರಳು, ಗಟ್ಟಿನೆಲ ಮತ್ತು ಬೆಳಕು ತಾಗುವ ಬರಿಮಣ್ಣು. ಮೊದಲ ಚಳಿಗಾಲದಲ್ಲಿ ಇದೇ ಅತ್ಯಂತ ಕಳೆ ತುಂಬಿದ ಪಟ್ಟಿಯಾಗಿತ್ತು, ಮೂರನೆಯ ಚಳಿಗಾಲದಲ್ಲಿ ಬಿಸಿಲು ಬೀಳುವ ಭಾಗದಲ್ಲಿ ಕಳೆ ಕೈಯಿಂದ ಕಿತ್ತು ಮುಗಿಸುವಷ್ಟಕ್ಕೆ ಇಳಿದಿತ್ತು. ನೆಲ ಒದ್ದೆಯಿದ್ದಾಗ ಅದರ ನಾರುಬೇರು ಸುಲಭವಾಗಿ ಬಿಡುತ್ತದೆ. ತೆನೆ ಬಂದ ಗಿಡವನ್ನು ಕಿತ್ತು ಅಲ್ಲೇ ಬಿಟ್ಟರೆ ಮಾತ್ರ ಕೀಳದಿದ್ದಂತೆಯೇ, ಕಿತ್ತ ಗಿಡದಲ್ಲೂ ಬೀಜ ಬಲಿಯುತ್ತದೆ. ನೆರಳಿನ ಭಾಗದಲ್ಲಿ ಆರೈಕೆಯೊಂದೇ ಸಾಲಲಿಲ್ಲ.

ಈಗ ಇಡೀ ಹಾಸಿಗೆ ನಾಲ್ಕನೆಯ ಪಟ್ಟಿಯ ಆರೈಕೆಯನ್ನೇ ಅನುಸರಿಸಿ, ಅದರ ಮೇಲೆ ಪ್ರೊಡಯಾಮಿನ್ ಬಳಸುತ್ತಿದ್ದೇನೆ. ಆದರೆ ಪ್ರತಿವರ್ಷವೂ ಅದನ್ನೇ ಹಾಕುವ ಯೋಚನೆಯಿಲ್ಲ, ಏಕೆಂದರೆ ಒಂದೇ ಗುಂಪಿನ ಔಷಧವನ್ನು ಮತ್ತೆ ಮತ್ತೆ ಬಳಸಿದ ಕಡೆಗಳಲ್ಲಿ ಪೋವಾ ಅದಕ್ಕೆ ನಿರೋಧಕತೆ ಬೆಳೆಸಿಕೊಂಡಿರುವುದು ದಾಖಲಾಗಿದೆ, ಮತ್ತು ಪೆಂಡಿಮೆಥಾಲಿನ್‌ಗೆ ಬದಲಾಯಿಸಿದರೆ ಗುಂಪು ಬದಲಾದಂತಾಗುವುದಿಲ್ಲ. ಮುಂದಿನ ಶರತ್ಕಾಲಕ್ಕೆ ಜೀವಕೋಶದ ಗೋಡೆಯ ಸೆಲ್ಯುಲೋಸ್ ತಯಾರಾಗದಂತೆ ತಡೆಯುವ, ಬೇರೆ ಗುಂಪಿನ ಕಳೆನಾಶಕವಾದ ಇಂಡಾಜಿಫ್ಲಾಮ್ ಪ್ರಯತ್ನಿಸಬೇಕೆಂದಿದ್ದೇನೆ. ಮರದಡಿಯ ತೆಳುವಾದ ಜಾಗವನ್ನು ಮಾತ್ರ ಯಾವ ಔಷಧವೂ ತಾಗದಂತೆ ಬಿಟ್ಟಿದ್ದೇನೆ. ಅಲ್ಲಿ ಗರಿಕೆ ಹಬ್ಬಿ ಮುಚ್ಚುವವರೆಗೆ, ತೆನೆ ಮೂಡುವ ಮೊದಲೇ, ವಾರಕ್ಕೊಮ್ಮೆ ಬಕೆಟ್ ಹಿಡಿದು ಕೂತು ಕೀಳುತ್ತಿದ್ದೇನೆ.