ಶಾತೋ ಪಾಮರ್ 2018: ಕೊಳೆ ಬಂದ ವರ್ಷದ ವೈನ್

ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿದದ್ದು ಒಂದು ಬಾಟಲಿ ಅಲ್ಲ, ಒಂದು ಗ್ಲಾಸೂ ಅಲ್ಲ. 25 ಮಿಲಿಲೀಟರ್‌ನಂತೆ ಎರಡು ಸಲ, ಅಷ್ಟೇ. ಫ್ರಾನ್ಸಿನ ಬೋರ್ಡೋ ಊರಿನ ಒಂದು ವೈನ್ ಬಾರಿನಲ್ಲಿ ಮಿಷನ್ನಿಗೆ ಕಾರ್ಡ್ ಹಾಕಿ ಗುಂಡಿ ಒತ್ತಬೇಕು, ನಳದಿಂದ ಲೆಕ್ಕ ಹಾಕಿದಂತೆ ಬೀಳುತ್ತದೆ. ಒಂದು ಸಲಕ್ಕೆ 24 ಯೂರೋ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಎರಡು ಸಲ ಹಿಡಿಯುವಷ್ಟು. ಇಷ್ಟಕ್ಕೆಲ್ಲ ವಿಮರ್ಶೆ ಬರೆಯುವುದಾ ಅಂತ ನಗಬೇಡಿ. ಈ ವೈನಿನ ಕತೆ ಕುಡಿಯುವ ಮೊದಲೇ ನನಗೆ ಅರ್ಧ ಗೊತ್ತಿತ್ತು. ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ.

ಬೋರ್ಡೋ ಅನ್ನುವ ಹೆಸರು ನನಗೆ ವೈನಿನಿಂದ ಗೊತ್ತಾದದ್ದಲ್ಲ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯಿಂದ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮಳೆಗಾಲ ಬಂತೆಂದರೆ ನಮ್ಮ ಮನೆಯಂಗಳದ ಡ್ರಮ್ಮು, ಬಕೆಟ್ಟು, ಅಪ್ಪಯ್ಯನ ಅಂಗಿ ಎಲ್ಲವೂ ನೀಲಿ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಅಪ್ಪಯ್ಯ ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಿದ್ದ. ಕಬ್ಬಿಣಕ್ಕೆ ಕೆಂಪು ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಆಮೇಲೆ ಕೊನೆಗಾರ ಮರ ಹತ್ತಿ ಒಂದೊಂದೇ ಅಡಿಕೆ ಗೊನೆಗೆ ಹೊಡೆಯುವುದು. ಕೆಲಸಕ್ಕೆಂದು ಟುಲೂಸ್‌ಗೆ ಬಂದ ಹೊಸದರಲ್ಲಿ, ಬೋರ್ಡೋ ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ಅಂತ ಗೊತ್ತಾದಾಗ, 'ಅರೆ, ಔಷಧಿಯ ಊರು!' ಅಂತಲೇ ಅನ್ನಿಸಿತ್ತು.

ಸುಮ್ನೆ ಅನ್ನಿಸಿದ್ದಲ್ಲ, ನಿಜವೇ. ದ್ರಾಕ್ಷಿಗೆ ಬರುವ ಡೌನಿ ಮಿಲ್ಡ್ಯೂ ರೋಗ 1870ರ ದಶಕದ ಕೊನೆಗೆ ಅಮೆರಿಕದಿಂದ ಫ್ರಾನ್ಸಿಗೆ ಬಂತು. ಎಲೆ ಉದುರಿ ತೋಟಗಳು ಬೋಳಾಗುತ್ತಿದ್ದ ಕಾಲದಲ್ಲಿ ಮಿಯಾರ್ದೇ ಎಂಬ ಸಸ್ಯಶಾಸ್ತ್ರದ ಪ್ರೊಫೆಸರು ಬೋರ್ಡೋ ಕಡೆಯ ಸ್ಯಾಂ ಜೂಲಿಯಾಂ ಊರಿನ ದಾರಿಯಲ್ಲಿ ಒಂದು ವಿಚಿತ್ರ ನೋಡಿದರು. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಉಳಿದಿತ್ತು. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ತೋಟದವರು ಆ ಸಾಲುಗಳಿಗಷ್ಟೇ ಮೈಲುತುತ್ತ ಮತ್ತು ಸುಣ್ಣ ಎರಚಿದ್ದರಂತೆ. ಅದೇ ಬೋರ್ಡೋ ದ್ರಾವಣವಾಯಿತು, 1885ರಲ್ಲಿ ಮಿಯಾರ್ದೇ ಅದನ್ನು ಲೋಕಕ್ಕೆ ಹೇಳಿದರು. ಅದಾಗಿ ಸುಮಾರು 25 ವರ್ಷಕ್ಕೆ, ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಮಲೆನಾಡಿನ ಕೊಳೆರೋಗಕ್ಕೆ ಹಚ್ಚಿದರು. ಮಳೆಗೆ ತೊಳೆದುಹೋಗದೆ ಅಂಟಿಕೊಳ್ಳಲಿ ಅಂತ ರಾಳ ಸೇರಿಸಿದ್ದೂ ಅವರೇ. ದ್ರಾಕ್ಷಿಯ ಆ ರೋಗ, ಅಡಿಕೆಯ ಕೊಳೆ ಎರಡರ ಜೀವಿಗಳೂ ಒಂದೇ ಗುಂಪಿನವು. ದಾಯಾದಿಗಳು ಅನ್ನಿ.

ಇನ್ನು ಪಾಮರ್. ಇಂಗ್ಲಿಷರ ಬಾಯಲ್ಲಿ ಪಾಮರ್, ಫ್ರೆಂಚರ ಬಾಯಲ್ಲಿ ಪಾಲ್ಮೆರ್. 1814ರಲ್ಲಿ ಈ ಎಸ್ಟೇಟ್ ಕೊಂಡ ಇಂಗ್ಲಿಷ್ ಸೇನಾಧಿಕಾರಿ ಚಾರ್ಲ್ಸ್ ಪಾಮರ್‌ನ ಹೆಸರು. ಕನ್ನಡದವರಿಗೆ ನಗು ಬಂದೇ ಬರುತ್ತದೆ, ಯಾಕೆಂದರೆ ಈ ವೈನು ಪಾಮರರ ಕೈಗೆ ಎಟುಕುವಂಥದ್ದಲ್ಲ. ಬೋರ್ಡೋದಿಂದ ಲೋಕಲ್ ರೈಲು ಹಿಡಿದು ಮಾರ್ಗೋ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋದೆ. ಚೂಪು ಗೋಪುರಗಳ ಮನೆ, ಮೇಲೆ ಮೂರು ದೇಶದ ಬಾವುಟ, ರಸ್ತೆಯ ಅಂಚಿನವರೆಗೂ ಬಳ್ಳಿ. ಗೇಟಿನ ಹೊರಗಿಂದಲೇ ನೋಡಿ ಬಂದೆ. ಒಳಗೆ ಹೋಗಬೇಕೆಂದರೆ ಮೊದಲೇ ಬರೆದು ಕೇಳಬೇಕಿತ್ತು. ನನಗೆ ಬೇಕಿದ್ದದ್ದು ಮನೆಯಲ್ಲ, ಮಣ್ಣು. ಬಗ್ಗಿ ನೋಡಿದೆ. ಬರೀ ಜಲ್ಲಿ! ನಮ್ಮಲ್ಲಿ ಇಂಥ ಜಾಗದಲ್ಲಿ ಗೇರು ಹಾಕಿಯಾರು, ಅಷ್ಟೇ.

ಸುಮಾರು 66 ಹೆಕ್ಟೇರ್ ತೋಟ. 2014ರಿಂದ ಪೂರ್ತಿ ಬಯೋಡೈನಮಿಕ್, ಅಂದರೆ ಒಂದು ಬಗೆಯ ಸಾವಯವ ಕೃಷಿ. ದನದ ಕೋಡಿಗೆ ಸಗಣಿ ತುಂಬಿ ಹೂಳುವುದು, ಗಿಡಮೂಲಿಕೆಯ ಕಷಾಯ ಹೊಡೆಯುವುದು, ಚಳಿಗಾಲದಲ್ಲಿ ಸಾಲುಗಳ ನಡುವೆ ಕುರಿ ಮೇಯಿಸುವುದು. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದರೆ, "ಜೀವಾಮೃತ ಮಾಡಿ ಅಂದ್ರೆ ಇಲ್ಲಿ ಯಾರೂ ಕೇಳಲ್ಲ, ಅಲ್ಲಿ ಕೋಡಿಗೆ ಸಗಣಿ ತುಂಬಿದ್ರೆ ದೊಡ್ಡ ಸುದ್ದಿ" ಅಂದ. ಆದರೆ ಮಿಲ್ಡ್ಯೂ ಎದುರು ಈ ಪದ್ಧತಿಯವರ ಕೈಯಲ್ಲಿರುವ ಗಟ್ಟಿ ಆಯುಧ ತಾಮ್ರ ಒಂದೇ. ಅದು ಎಲೆಯ ಒಳಗೆ ಇಳಿಯುವ ಔಷಧಿಯಲ್ಲ, ಮೇಲಿನ ಹೊದಿಕೆ. ಜೋರು ಮಳೆ ಬಂದರೆ ತೊಳೆದುಹೋಯಿತು, ಮತ್ತೆ ಹೊಡೆಯಬೇಕು. ಬೇಕಾದಷ್ಟು ಹೊಡೆಯುವ ಹಾಗೂ ಇಲ್ಲ. ಯುರೋಪಿನಲ್ಲಿ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕೆಜಿ ತಾಮ್ರ ಅಂತ ಮಿತಿ.

2018ರ ವಸಂತದಲ್ಲಿ ಬೋರ್ಡೋದಲ್ಲಿ ಮಳೆ ಬಿಡಲೇ ಇಲ್ಲ. ಜುಲೈ ಶುರುವಿನವರೆಗೂ ಅದೇ ಗೋಳು. ಹಸಿ, ಅದರ ಮೇಲೆ ಸೆಕೆ. ರೋಗಕ್ಕೆ ಇನ್ನೇನು ಬೇಕು? ಪಾಮರ್‌ನವರು ಹಟ ಬಿಡದೆ ತಮ್ಮ ಪದ್ಧತಿಯಲ್ಲೇ ನಿಂತರು. ಮಿಲ್ಡ್ಯೂ ಮೊದಲು ಎಲೆಗೆ ಬಂತು, ಆಮೇಲೆ ಗೊಂಚಲಿಗೂ ಇಳಿಯಿತು. ಕೊನೆಗೆ ಸಿಕ್ಕಿದ್ದು ಹೆಕ್ಟೇರಿಗೆ 11 ಹೆಕ್ಟೋಲೀಟರ್. ನಮ್ಮ ಲೆಕ್ಕದಲ್ಲಿ ಎಕರೆಗೆ 600 ಬಾಟಲಿಗೂ ಕಡಿಮೆ. ಆಲ್ಟರ್ ಈಗೋ ಅಂತ ಅವರದೇ ಇನ್ನೊಂದು ವೈನ್ ಇದೆ, ಕಡಿಮೆ ಬೆಲೆಯದು. ಆ ವರ್ಷ ಅದನ್ನು ಮಾಡಲೇ ಇಲ್ಲ. ಇದ್ದಬದ್ದ ದ್ರಾಕ್ಷಿಯೆಲ್ಲ ಈ ಒಂದೇ ವೈನಿಗೆ ಹೋಯಿತು. ದ್ರಾಕ್ಷಿಯ ತಳಿಗಳ ಲೆಕ್ಕದಲ್ಲಿ, ನೂರಕ್ಕೆ 53 ಪಾಲು ಮೆರ್ಲೋ, 40 ಪಾಲು ಕ್ಯಾಬರ್ನೇ ಸೊವಿನ್ಯೋ, 7 ಪಾಲು ಪೆಟಿ ವೆರ್ದೋ.

ಅದೇ 2018ರಲ್ಲೇ ಅಲ್ವಾ ನಮ್ಮಲ್ಲೂ ಮಳೆ ಹುಚ್ಚೆದ್ದು ಸುರಿದದ್ದು. ಕೊಡಗಿನಲ್ಲಿ ಗುಡ್ಡಗಳೇ ಜಾರಿದ ವರ್ಷ. ನಮ್ಮ ತೋಟಕ್ಕೆ ಮಳೆಗಾಲದ ಮೊದಲ ಔಷಧಿ ಆಗಿತ್ತು. ನಲವತ್ತು ದಿನ ಬಿಟ್ಟು ಎರಡನೆಯದು ಹೊಡೆಯಬೇಕು, ಹೊಳವೇ ಇಲ್ಲ. ನೆಂದ ಮರ ಹತ್ತಲು ಯಾರು ಒಪ್ಪುತ್ತಾರೆ? ಅಪ್ಪಯ್ಯ ಜಗಲಿಯಲ್ಲಿ ಕೂತು ಆಕಾಶ ನೋಡಿದ್ದೇ ನೋಡಿದ್ದು. ಆಗಸ್ಟಿನಲ್ಲಿ ತೋಟಕ್ಕೆ ಇಳಿದರೆ ಕಾಲಿಗೆ ಸಿಗುವುದೆಲ್ಲ ಹಸಿ ಅಡಿಕೆ, ಮೇಲೆ ಬಿಳಿ ಬೂಷ್ಟು. ಅರ್ಧಕ್ಕಿಂತ ಜಾಸ್ತಿ ಫಸಲು ನೆಲಕ್ಕೆ.

ಇಲ್ಲಿಂದ ಮುಂದೆ ಎರಡು ತೋಟದ ದಾರಿ ಬೇರೆಯಾಗುತ್ತದೆ. ಬೋರ್ಡೋದಲ್ಲಿ ಜುಲೈ ನಡುವಿನಿಂದ ಮಳೆ ನಿಂತಿತು. ಕೊಯ್ಲು ಮುಗಿಯುವವರೆಗೂ ಒಳ್ಳೆ ಬಿಸಿಲು. ಬಳ್ಳಿಯಲ್ಲಿ ಉಳಿದ ನಾಲ್ಕು ಗೊಂಚಲಿಗೆ ಬೇರಿನ ಶಕ್ತಿಯೆಲ್ಲ ಸಿಕ್ಕಿತು. ಕಾಳು ಸಣ್ಣದು, ರಸ ಗಟ್ಟಿ. ಕೊಳೆಗೆ ತಪ್ಪಿಸಿಕೊಂಡ ಅಡಿಕೆಗೆ ಮಂಡಿಯಲ್ಲಿ ಹಾಗೆಲ್ಲ ಮರ್ಯಾದೆ ಇಲ್ಲ. ಉಳಿದ ಅಡಿಕೆ ಬರೀ ಅಡಿಕೆ.

ಸರಿ, ರುಚಿ. ಬಣ್ಣ ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಯದು, ಬೆಳಕಿಗೆ ಹಿಡಿದರೂ ಆಚೆ ಕಾಣದು. ಮೊದಲು ಮೂಗಿಗೆ ಏನೂ ಬರಲಿಲ್ಲ. ತಪ್ಪು ಬಾರಿನವರದು. ಗ್ಲಾಸು ಕಿರಿದು, ವೈನು ಬೆಚ್ಚಗೆ, ಗ್ಲಾಸಿನ ಅಂಚಿಗೆ ಪಾತ್ರೆ ತೊಳೆಯುವ ಸೋಪಿನ ವಾಸನೆ. 24 ಯೂರೋ ಕೊಟ್ಟ ಹೊಟ್ಟೆಯುರಿಗೆ ಬೇರೆ ಗ್ಲಾಸು ಕೇಳಿ ತೆಗೆದುಕೊಂಡೆ. ಅಂಗೈಯಲ್ಲಿ ಮುಚ್ಚಿ, ತಿರುಗಿಸಿ, ಇಪ್ಪತ್ತು ನಿಮಿಷ ಕಾದೆ. ಆಮೇಲೆ ಬಂತು ನೋಡಿ. ಬಿಸಿಲಿಗೆ ಹಾಕಿದ ಮುರುಗಲು ಸಿಪ್ಪೆ, ಲವಂಗ, ಹೊಸ ಮರದ ಪೆಟ್ಟಿಗೆ, ಎಲ್ಲೋ ದೂರದಲ್ಲಿ ಒಂದು ಹೂವು.

ಬಾಯಲ್ಲಿ ಮೊದಲು ಸಿಹಿಯ ಭ್ರಮೆ, ಹಿಂದೆಯೇ ಒಗರು. ಒಗರಿನ ವಿಷಯದಲ್ಲಿ ಅಡಿಕೆ ಮನೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹಸಿ ಅಡಿಕೆಯ ಒಗರು ನಾಲಿಗೆ ಕೆರೆಯುತ್ತದೆ. ಅಡಿಕೆ ಬೇಯಿಸಿ ಉಳಿದ ಚೊಗರಿನ ಒಗರು ಹಾಗಲ್ಲ, ದಪ್ಪಗೆ ಬಾಯಿಗೆಲ್ಲ ಲೇಪ ಹಚ್ಚಿದಂತೆ ಕೂರುತ್ತದೆ. ಇದು ಆ ಎರಡನೆಯ ಜಾತಿ. ನುಂಗಿದ ಮೇಲೂ ಹೋಗುವುದಿಲ್ಲ. ಮಾರ್ಗೋ ಕಡೆಯ ವೈನು ಅಂದರೆ ಮೃದು, ನಾಜೂಕು ಅಂತ ಎಲ್ಲರೂ ಹೇಳುತ್ತಾರೆ. ಇದರಲ್ಲಿ ನಾಜೂಕು ಹುಡುಕಬೇಡಿ. ಎರಡನೇ ಸಲದ ಕೊನೆಗೆ ನನಗೆ ಸ್ವಲ್ಪ ಸುಸ್ತೇ ಆಯಿತು. ಗಂಟಲಲ್ಲಿ ಬಿಸಿಯೂ ಉಳಿಯಿತು. ಇಡೀ ಗ್ಲಾಸು ಕೊಟ್ಟಿದ್ದರೆ ಮುಗಿಸುತ್ತಿದ್ದೆನಾ, ಅನುಮಾನ.

ಹೋಲಿಸಿ ನೋಡಲು ಅದೇ ಮಿಷನ್ನಿನಲ್ಲಿ 2016ರ ಆಲ್ಟರ್ ಈಗೋ ಒತ್ತಿದೆ. 5 ಯೂರೋ. ಮಾತಾಡುತ್ತಾ, ಊಟದ ಜೊತೆ ಕುಡಿಯುವ ವೈನ್ ಅಂದರೆ ಇದು. ಬೋರ್ಡೋಗೆ ಬಂದವರು ನನ್ನ ಮಾತು ಕೇಳುವುದಾದರೆ ಇದನ್ನು ಒಂದು ಗ್ಲಾಸು ಕುಡಿಯಿರಿ, 2018ರ ಪಾಮರ್ 25 ಮಿಲಿ ಸಾಕು. ಬಾಟಲಿ ಕೊಳ್ಳುವಷ್ಟು ದುಡ್ಡಿದ್ದು ಕೊಂಡರೂ ಈಗಲೇ ತೆಗೆಯಬೇಡಿ, ಆ ಒಗರು ಇಳಿಯಲು ಇನ್ನೂ ಹತ್ತು ವರ್ಷವಾದರೂ ಬೇಕು.

ರಾತ್ರಿ ಅಪ್ಪಯ್ಯನಿಗೆ ಫೋನು ಮಾಡಿದೆ. ವೈನು ಕುಡಿದೆ ಅಂತ ಹೇಳಲಿಲ್ಲ, ತೋಟ ನೋಡಿದೆ ಅಂದೆ. ಅಮ್ಮ ಪಕ್ಕದಲ್ಲೇ ಇದ್ದಳು. ಮಿಲ್ಡ್ಯೂ ಬಂದದ್ದು, ಎಕರೆಗೆ ಬಾಟಲಿ ಲೆಕ್ಕ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ.

"ಔಷಧಿಯ ಊರಲ್ಲೇ ಔಷಧಿ ಹಿಡೀಲಿಲ್ಲ ಅನ್ನು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಬಾಟಲಿಗೆ ಎಷ್ಟಂತೆ?"

ಹೇಳಿದೆ. ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಅಮ್ಮನಿಗೆ ಹೇಳುವುದು ಕೇಳಿಸಿತು: "ಅಲ್ಲಿ ಕೊಳೆ ಬಂದ್ರೂ ಪರವಾಗಿಲ್ವಂತೆ ಮಾರಾಯ್ತಿ."