ಕೊಡಗಿನ ಮಳೆಗಾಲಕ್ಕೆ ಕಾಮಿಕ್ಸ್: ಟ್ರಂಕೋ, ಡಬ್ಬಿಯೋ, ಬೀರುವೋ?

ಮಡಿಕೇರಿ, ಭಾಗಮಂಡಲದ ಕಡೆ ಕಾಗದಕ್ಕೆ ಮೊದಲ ಶತ್ರು ತೇವ. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಖಚಿತ, ಪಿನ್ನುಗಳೂ ತುಕ್ಕು ಹಿಡಿಯುತ್ತವೆ.

ತೇವ ತಡೆಯುವುದರಲ್ಲಿ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯೇ ಮುಂದು. ಆದರೆ ಜುಲೈನಲ್ಲಿ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕಿದಂತೆ. ಮಾರ್ಚ್‌ನ ಒಣ ಮಧ್ಯಾಹ್ನ ತುಂಬಿಸಿ. 25 ಲೀಟರ್ ಡಬ್ಬಿಗೆ 200 ಗ್ರಾಂ ನೀಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು) ಬಟ್ಟೆಚೀಲದಲ್ಲಿಡಿ, ಜೊತೆಗೊಂದು ಪುಟ್ಟ ತೇವಾಂಶ ಮಾಪಕ, ಮುಳ್ಳು ಶೇ. 45–55ರಲ್ಲಿರಲಿ. ಹರಳು ಗುಲಾಬಿಯಾದರೆ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ.

ಕಬ್ಬಿಣದ ಟ್ರಂಕ್ ಇಲಿ, ಗೆದ್ದಲಿಗೆ ಜಗ್ಗದು, ಭಾರವನ್ನೂ ತಡೆಯುತ್ತದೆ. ಮುಚ್ಚಳ ಬಿಗಿಯಲ್ಲ, ರಾತ್ರಿ ತಣ್ಣಗಾದಾಗ ಒಳಗೋಡೆ ಬೆವರುತ್ತದೆ. ನೆಲದಿಂದ ಎತ್ತಿ, ಹೊರಗೋಡೆಯಿಂದ ದೂರವಿಡಿ.

ಗಾಜಿನ ಬೀರು ಓದುವವರಿಗೆ. ತೇವ ಆರಲೆಂದು ಒಳಗೆ ಹಳೇ ತಂತಿ ಬಲ್ಬ್ ಉರಿಸುವ ರೂಢಿ ಇದೆಯಲ್ಲ, ಎಲ್‌ಇಡಿ ಹಾಕಿದರೆ ಆ ಬಿಸಿ ಸಿಗದು. ಹಳೇ ಬಲ್ಬಿಗೆ ಕಾಗದ ತಾಗಿದರೆ ಬೆಂಕಿಯ ಭಯ, ಕರೆಂಟ್ ಹೋದರೆ ಆ ಬಿಸಿಯೂ ಇಲ್ಲ.

ಯಾವುದರಲ್ಲಿಟ್ಟರೂ ಪಿವಿಸಿ ಕವರ್ ಬೇಡ, ಮುಖಪುಟಕ್ಕೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಕೊಳ್ಳಿ.

ಅಪರೂಪದ ಸಂಚಿಕೆಗಳಿದ್ದರೆ ಡಬ್ಬಿ. ನೂರಾರು ಪ್ರತಿ, ಇಲಿಕಾಟದ ಮನೆಯಾದರೆ ಟ್ರಂಕಿನೊಳಗೆ ಸಣ್ಣ ಡಬ್ಬಿಗಳು. ಮಳೆ ಕಡಿಮೆಯಿರುವ ಕುಶಾಲನಗರದಲ್ಲಿ, ಮಕ್ಕಳು ದಿನವೂ ಓದುವ ಮನೆಗೆ ಬೀರುವೇ ಸಾಕು.