ಎಂಬತ್ತು ಮೀಟರ್ ಮರ, ಒಂದೇ ಫ್ರೇಮ್: ಅಗಲ ಲೆನ್ಸ್, ಪನೋರಮಾ, ಶಿಫ್ಟ್, ಜೂಮ್

ದೊಡ್ಡ ಮರದ ಫೋಟೊ ಕೆಟ್ಟು ಬಂದರೆ ಎಲ್ಲರೂ ಬೈಯುವುದು ಲೆನ್ಸನ್ನು. ಬುಡ ಆನೆಯ ಕಾಲಿನಂತೆ ದಪ್ಪ, ತುದಿ ಸೂಜಿಯಂತೆ ಸಣ್ಣ, ಇಡೀ ಮರ ಹಿಂದಕ್ಕೆ ಬೀಳುವ ಹಾಗೆ ವಾಲಿರುತ್ತದೆ. ಪಾಪ, ಲೆನ್ಸಿನ ತಪ್ಪೇನಿಲ್ಲ. ಎಲ್ಲ ನಿಂತ ಜಾಗದ ಮಹಿಮೆ. 80 ಮೀಟರ್ ಎತ್ತರದ ಮರದಿಂದ 10 ಮೀಟರ್ ದೂರದಲ್ಲಿ ನಿಂತರೆ ತುದಿ ನಮ್ಮ ಕಣ್ಣಿನ ಮಟ್ಟದಿಂದ ಸುಮಾರು 79 ಮೀಟರ್ ದೂರವಿರುತ್ತದೆ. ಹಾಗಾಗಿ ತುದಿಯ ಕೊಂಬೆ ಬುಡದ ಲೆಕ್ಕಕ್ಕೆ ಎಂಟು ಪಟ್ಟು ಚಿಕ್ಕದಾಗಿ ಕಾಣಲೇಬೇಕು. 37 ಮೀಟರಿಗೆ ಸರಿದರೆ ಈ ವ್ಯತ್ಯಾಸ 2.3 ಪಟ್ಟಿಗೆ ಇಳಿಯುತ್ತದೆ. 150 ಮೀಟರಿನಲ್ಲಿ 1.1 ಪಟ್ಟು, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಕೆಳಗಿನ ಹೋಲಿಕೆಗೆಲ್ಲ ಇದೇ ಅಳತೆ: ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾ, 80 ಮೀಟರ್ ಮರ. ಕ್ಯಾಲಿಫೋರ್ನಿಯಾದ ಜನರಲ್ ಶರ್ಮನ್ ಎಂಬ ಸಿಕೋಯಾ ಮರ 83.8 ಮೀಟರ್ ಇದೆ, ಹತ್ತಿರಹತ್ತಿರ ಅಷ್ಟೇ.

16 ಮಿ.ಮೀ. ಅಗಲ ಲೆನ್ಸ್

ಕ್ಯಾಮೆರಾ ಉದ್ದುದ್ದ ಹಿಡಿದರೆ ಸುಮಾರು 97 ಡಿಗ್ರಿ ಕಾಣುತ್ತದೆ, 10 ಮೀಟರಿನಿಂದಲೇ ಇಡೀ ಮರ ಹಿಡಿಯುತ್ತದೆ. ಒಂದೇ ಕ್ಲಿಕ್ಕು, ಗಾಳಿಯ ಚಿಂತೆಯಿಲ್ಲ. ಆದರೆ ಮರದ ಎತ್ತರ ತೋರಿಸಲು ಇದು ಕೊನೆಯ ಆಯ್ಕೆ. ವಾಲಿದ ಕಾಂಡವನ್ನು ತಂತ್ರಾಂಶದಲ್ಲಿ ನೆಟ್ಟಗೆ ಮಾಡಲು ಹೋದರೆ ತುದಿಯಲ್ಲಿರುವ ನಾಲ್ಕು ಪಿಕ್ಸೆಲ್ಲನ್ನೇ ಅದು ಎಳೆದು ಹಿಗ್ಗಿಸುತ್ತದೆ. ಎಲೆಗಳು ಹಸಿರು ಗಂಜಿಯಾಗುತ್ತವೆ. ಆಕಾಶದ ನೀಲಿ ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಆಕಾಶದ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬಿಳಚು. ಈ ಲೆನ್ಸ್ ನಿಜಕ್ಕೂ ಗೆಲ್ಲುವುದು ಕ್ಯಾಮೆರಾವನ್ನು ನೆಲದಿಂದ ನೇರ ಆಕಾಶಕ್ಕೆ ತಿರುಗಿಸಿ, ಸುತ್ತಲಿನ ಕಾಂಡಗಳೆಲ್ಲ ಮಧ್ಯಕ್ಕೆ ಓಡುವಂತೆ ತೆಗೆದಾಗ.

50 ಮಿ.ಮೀ., ಐದು ಫ್ರೇಮಿನ ಪನೋರಮಾ

ದಟ್ಟ ಕಾಡಿನಲ್ಲಿ ಮೊದಲ ಅಂಕ ಇದಕ್ಕೇ. 37 ಮೀಟರ್ ದೂರ, ಕ್ಯಾಮೆರಾ ಅಡ್ಡಡ್ಡ. ಒಂದೊಂದು ಫ್ರೇಮ್ ಎತ್ತರದಲ್ಲಿ 27 ಡಿಗ್ರಿ ಹಿಡಿಯುತ್ತದೆ. ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಪ್ರತಿ ಸಲ 17 ಡಿಗ್ರಿಯಷ್ಟು ಮೇಲೆತ್ತಿದರೆ ಐದು ಫ್ರೇಮಿನಲ್ಲಿ ಬೇರಿನಿಂದ ತುದಿಯ ಮೇಲಿನ ಖಾಲಿ ಆಕಾಶದವರೆಗೆ ಮುಗಿಯುತ್ತದೆ.

ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ), ಫೋಕಸ್ ಮೂರನ್ನೂ ಮ್ಯಾನ್ಯುಯಲ್‌ಗೆ ಹಾಕಿಕೊಳ್ಳಬೇಕು. ಆಟೋದಲ್ಲಿ ಬಿಟ್ಟರೆ ಬುಡದ ಕತ್ತಲೆಗೊಂದು, ತುದಿಯ ಬೆಳಕಿಗೊಂದು ಅಳತೆ ತೆಗೆದುಕೊಂಡು ಕಾಂಡದ ಮೇಲೆ ಅಡ್ಡಪಟ್ಟೆ ಮೂಡುತ್ತದೆ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 8ರಲ್ಲಿಟ್ಟು ಕಾಂಡಕ್ಕೆ ಫೋಕಸ್ ಮಾಡಿ ಬಿಟ್ಟರೆ ಸುಮಾರು 8 ಮೀಟರಿನಿಂದಾಚೆ ಎಲ್ಲವೂ ಚೂಪಾಗಿರುತ್ತದೆ. ಕೊಂಬೆಗಳ ಸಂದಿನ ಆಕಾಶ ಸುಟ್ಟುಹೋಗುತ್ತಿದ್ದರೆ ಪ್ರತಿ ಸ್ಥಾನದಲ್ಲೂ ಸರಿಯಾದದ್ದೊಂದು, ಎರಡು ಸ್ಟಾಪ್ ಹೆಚ್ಚು, ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೆ ಅರ್ಧ) ಇಟ್ಟು ಮೂರು ಮೂರು ತೆಗೆದು ಆಮೇಲೆ ಬೆರೆಸಬೇಕು. ಮೋಡದ ದಿನ ಈ ರಗಳೆ ಇರುವುದಿಲ್ಲ.

ಕೆಡುವುದು ಎರಡು ಕಡೆ. ಒಂದು, ಗಾಳಿ: ತುದಿಯ ಕೊಂಬೆ ಎರಡು ಫ್ರೇಮುಗಳ ನಡುವೆ ಅಲುಗಿದರೆ ಜೋಡಣೆಯಲ್ಲಿ ಜೋಡಿಕೊಂಬೆಯಾಗುತ್ತದೆ. ಗಾಳಿ ನಿಂತ ಗಳಿಗೆ ನೋಡಿ ಮೇಲಿನಿಂದಲೇ ಶುರುಮಾಡಿ, ತುದಿಯ ಫ್ರೇಮನ್ನು ಮೂರು ಸಲ ತೆಗೆದಿಡುವುದು ಒಳ್ಳೆಯದು. ಎರಡು, ಹತ್ತಿರದ ಜರೀಗಿಡ: ಟ್ರೈಪಾಡಿನ ತಲೆ ಬಾಗುವ ಬಿಂದು ಲೆನ್ಸಿನ ಕೆಳಗಿರುವುದರಿಂದ ಎರಡು ಮೀಟರಿನೊಳಗಿನ ಗಿಡ ಪ್ರತಿ ಫ್ರೇಮಿನಲ್ಲೂ ಹಿನ್ನೆಲೆಯ ಮೇಲೆ ಜಾಗ ಬದಲಿಸುತ್ತದೆ, ತಂತ್ರಾಂಶ ಅದನ್ನು ಹರಿದ ಬಟ್ಟೆ ಹೊಲಿದಂತೆ ಹೊಲಿಯುತ್ತದೆ. ಬಾಗುವ ಬಿಂದುವನ್ನು ಲೆನ್ಸಿನ ಮಟ್ಟಕ್ಕೇ ತರುವ ಪನೋರಮಾ ಹೆಡ್ ಇದ್ದರೆ ಬಳಸಿ. ಇಲ್ಲದಿದ್ದರೆ ಗಿಡವೇ ಅಡ್ಡ ಬರದ ಕಡೆ ಟ್ರೈಪಾಡ್ ಇಡಿ.

ಪನೋರಮಾ ಮಾಡಿದರೆ ವಾಲುವಿಕೆ ಹೋಗುತ್ತದೆ ಎನ್ನುವವರಿದ್ದಾರೆ. ಹೋಗುವುದಿಲ್ಲ, ನಿಂತ ಜಾಗ ಅದೇ ತಾನೆ? ಹೆಚ್ಚುವುದು ವಿವರ ಮಾತ್ರ. ಹ್ಯೂಗಿನ್‌ನಂಥ ತಂತ್ರಾಂಶದಲ್ಲಿ ದಿಗಂತ ಸರಿಯಾಗಿ ಕೂರಿಸಿ ಗೋಳಾಕಾರದ ಪ್ರೊಜೆಕ್ಷನ್ (ಕಂಡ ದೃಶ್ಯವನ್ನು ಚಪ್ಪಟೆ ಚಿತ್ರವಾಗಿ ಹರಡುವ ರೀತಿ) ಆರಿಸಿದರೆ ಕಾಂಡದ ಅಂಚುಗಳೇನೋ ನೆಟ್ಟಗಾಗುತ್ತವೆ, ಅದಕ್ಕೆ ಬೆಲೆ ತೆರುವುದು ಎತ್ತರ: 37 ಮೀಟರಿನಿಂದ ನೋಡಿದಾಗ ಮರದ ಕೆಳಗಿನ ಅರ್ಧ 46 ಡಿಗ್ರಿ ಏರಿದರೆ ಮೇಲಿನ ಅರ್ಧಕ್ಕೆ ಸಿಗುವುದು ಬರೀ 19. ಮರ ಕುಳ್ಳಗಾಗಿ, ಕೊಂಬೆಗಳೆಲ್ಲ ಮೇಲೆ ಒತ್ತರಿಸಿಕೊಂಡಂತೆ ಕಾಣುತ್ತದೆ.

ಪೂರ್ತಿ ಮದ್ದು ಒಂದೇ, ಕ್ಯಾಮೆರಾವೇ ಮರದ ಜೊತೆ ಮೇಲೆ ಕೆಳಗೆ ಓಡಾಡಬೇಕು. ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಛಾಯಾಗ್ರಾಹಕ ಮೈಕೆಲ್ ನಿಕೋಲ್ಸ್ 2009ರಲ್ಲಿ ಒಂದು ರೆಡ್‌ವುಡ್ ಮರವನ್ನು ತೆಗೆದದ್ದು ಹಾಗೆಯೇ: ಹಗ್ಗಕ್ಕೆ ಕ್ಯಾಮೆರಾ ಕಟ್ಟಿ, 84 ಚಿತ್ರ ಜೋಡಿಸಿ. ಡ್ರೋನ್ ಇದೆಯಲ್ಲ ಅಂದರೆ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಅದಕ್ಕೆ ನಿಷೇಧವಿದೆ. ನಮಗೆ ಉಳಿಯುವುದು ಎದುರಿನ ದಿಣ್ಣೆ. ಮರದ ನಡು ಎತ್ತರಕ್ಕೆ ಏರಿಸುವ ಇಳಿಜಾರು ಸಿಕ್ಕರೆ ಯಾವ ಲೆನ್ಸೂ ನಡೆಯುತ್ತದೆ.

24 ಮಿ.ಮೀ. ಶಿಫ್ಟ್ ಲೆನ್ಸ್

ಕ್ಯಾಮೆರಾ ಬಗ್ಗಿಸದೆ ಲೆನ್ಸನ್ನು 12 ಮಿ.ಮೀ. ಮೇಲೆ ಸರಿಸಿದರೆ ಗೆರೆಗಳೆಲ್ಲ ನೆಟ್ಟಗೆ. ಆದರೆ ನಮ್ಮ ಮರಕ್ಕೆ 63 ಮೀಟರ್ ಹಿಂದೆ ಹೋಗಬೇಕು. ಶಿಫ್ಟ್ ಇಲ್ಲದೆ ಮಟ್ಟಸವಾಗಿ ಹಿಡಿದರೆ 104. ಕಟ್ಟಡಕ್ಕೆ ಮಾಡಿದ ಸಾಧನ ಇದು. ಮರಕ್ಕಾಗಿಯೇ ಕೊಳ್ಳುವುದು ದುಂದು.

70–200 ಜೂಮ್

70 ಮಿ.ಮೀ.ಗೆ ಸುಮಾರು 150 ಮೀಟರ್, 200ಕ್ಕೆ 440 ಮೀಟರ್ ತೆರವು ಬೇಕು. ರೆಡ್‌ವುಡ್ ಕಾಡಿನಲ್ಲಿ ಅಷ್ಟು ದೂರಕ್ಕೆ ನಡುವೆ ಇನ್ನೂರು ಮರ ಅಡ್ಡ. ಮಡಗಾಸ್ಕರ್‌ನ ಮೊರೊಂಡಾವಾ ಬಳಿಯ ಬಾವೊಬಾಬ್ ಸಾಲಿನಂಥ ಬಯಲಿನಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ: ಸುಮಾರು 30 ಮೀಟರಿನ ಮರಗಳು, ಮುಂದೆ ಬರೀ ನೆಲ, ಕಾಂಡದ ಅನುಪಾತ ಕಣ್ಣಿಗೆ ಕಂಡಂತೆಯೇ ಬರುತ್ತದೆ. ಕಾಡಿನಲ್ಲೂ ಮಂಜು ಕವಿದ ಬೆಳಗ್ಗೆ ಜೂಮ್ ಜೊತೆಗಿರಲಿ. ಹಿಂದಿನ ಮರಗಳನ್ನು ಮಂಜು ಒಂದೊಂದೇ ಪದರವಾಗಿ ಒರೆಸುತ್ತ ಹೋಗುವುದರಿಂದ ಬೇಕಾದ ಕಾಂಡ ತಾನಾಗಿ ಮುಂದೆ ಬಂದು ನಿಲ್ಲುತ್ತದೆ.

ಫೋನಿನ ಅಲ್ಟ್ರಾವೈಡ್‌ಗಿಂತ ಅದರ ಮುಖ್ಯ ಕ್ಯಾಮೆರಾದಲ್ಲೇ, ಫೋನನ್ನು ಅಡ್ಡ ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಪನೋರಮಾ ಎಳೆಯುವುದು ಮೇಲು. ಅಲ್ಟ್ರಾವೈಡ್‌ನ ಚಿಕ್ಕ ಸೆನ್ಸರ್ ನೆರಳಿನ ತೊಗಟೆಯನ್ನು ಮೇಣ ಬಳಿದಂತೆ ನುಣ್ಣಗೆ ಮಾಡಿಬಿಡುತ್ತದೆ.

ಯಾವ ಲೆನ್ಸಾದರೂ ಅಳತೆಗೊಬ್ಬ ಮನುಷ್ಯ ಬೇಕು. ಕಾಂಡದಷ್ಟೇ ದೂರದಲ್ಲಿ, ಪಕ್ಕದ ದಾರಿಯ ಮೇಲೆ ನಿಲ್ಲಿಸಬೇಕು. ಐದು ಹೆಜ್ಜೆ ಮುಂದೆ ಬಂದರೂ ಮರ ಕುಗ್ಗುತ್ತದೆ. ದೂರದಿಂದ ತೆಗೆದ 4000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 80 ಮೀಟರ್ ಮರದ ಪಕ್ಕದ ಆಳು ಬರೀ 85 ಪಿಕ್ಸೆಲ್ಲು. ಹಾಗಾಗಿ ಕೆಂಪು ಅಥವಾ ಹಳದಿ ಅಂಗಿ ಹಾಕಿಸಿ. ಬುಡಕ್ಕೆ ಒರಗಿಸುವುದು ಬೇಡ. ರೆಡ್‌ವುಡ್‌ನ ಬೇರು ಆಳಕ್ಕೆ ಸಾಮಾನ್ಯವಾಗಿ 2–4 ಮೀಟರ್ ಅಷ್ಟೇ, ಸುತ್ತಲೂ 30 ಮೀಟರ್‌ವರೆಗೆ ಹರಡಿರುತ್ತದೆ. ತುಳಿತಕ್ಕೆ ಮೇಲ್ಮಣ್ಣು ಗಟ್ಟಿಯಾದರೆ ನೀರು ಇಳಿಯುವುದಿಲ್ಲ. 2006ರಲ್ಲಿ ಅಳೆದಾಗ 115.55 ಮೀಟರ್ ಇದ್ದ ರೆಡ್‌ವುಡ್ ಮರ ಹೈಪೀರಿಯನ್‌ನ ಸುತ್ತ ಜರೀಗಿಡವೇ ಉಳಿಯದಷ್ಟು ಜನ ತುಳಿದದ್ದರಿಂದ 2022ರಲ್ಲಿ ಆ ಜಾಗವನ್ನೇ ಮುಚ್ಚಿದರು. ಒಳಗೆ ಹೋದರೆ 5000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಜನರಲ್ ಶರ್ಮನ್‌ಗೆ ಬೇಲಿ ಇದ್ದರೂ ಡಾಂಬರು ದಾರಿಯಿದೆ. ಅಲ್ಲಿಂದ ಕಾಂಗ್ರೆಸ್ ಟ್ರೇಲ್ ಹಿಡಿದು ಮುಂದೆ ನಡೆದರೆ ಪ್ರೆಸಿಡೆಂಟ್ ಎಂಬ ಇನ್ನೊಂದು ಸಿಕೋಯಾ ಮರ ಸಿಗುತ್ತದೆ, ಟ್ರೈಪಾಡ್ ಬಿಚ್ಚಲು ಅಲ್ಲಿ ಕೈಕಾಲಾಡಿಸುವಷ್ಟು ಜಾಗವೂ ಇರುತ್ತದೆ.